ಬೀಸುಕಲ್ಲಿನ ಮಗ್ಗುಲಲ್ಲಿ ಕೂತ ವಿದ್ಯಾರ್ಥಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಕಾಲೇಜುಗಳಿಂದ ಬೆಳಗಿನ ಬಸ್ಸು ಹಿಡಿದು ಬಂದಿರುವ ವಿದ್ಯಾರ್ಥಿ ಮಿತ್ರರೆ,

ಈ ದತ್ತಿಯ ಮೂಲಧನ ಇಟ್ಟ ಮನೆತನಕ್ಕೆ ಮೊದಲು ಕೈ ಮುಗಿಯುತ್ತೇನೆ. ಒಂದಿಷ್ಟು ದುಡ್ಡನ್ನು ಮುಟ್ಟದೆ ಕಾಯ್ದಿಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ನಾಲ್ಕು ಮಂದಿ ಕೂತು ವಿಚಾರ ಮಾಡಲಿ ಎಂದು ಬಯಸುವುದು ಸಣ್ಣ ಮಾತಲ್ಲ. ವಿದ್ಯಾರ್ಥಿ ತನ್ನ ಊರಿನ ಕೆಲಸದಲ್ಲಿ ಕೈಹಾಕುವುದು, ಅಲ್ಲಿ ಹಿರೇತನ ಕಲಿಯುವುದು, ಅದರಿಂದ ತಾನು ಬೆಳೆಯುವುದು, ಇದರ ಮೇಲೆ ಮಾತಾಡಬೇಕೆಂದು ನನಗೆ ಹೇಳಿದ್ದಾರೆ. ಈ ವಿಷಯಕ್ಕೆ ನಾನು ಹೊರಗಿನ ಪುಸ್ತಕ ಹುಡುಕುವುದಿಲ್ಲ. ‘ದತ್ತಿ’ ಎಂಬ ಮಾತನ್ನೇ ಹಿಡಿದುಕೊಂಡು ಹೊರಟರೆ ದಾರಿ ಇಲ್ಲೇ ಇಂಡಿಯ ಮಗ್ಗುಲಿನ ಸಾಲೋಟಗಿಗೆ ಹೋಗುತ್ತದೆ.

ಸಾಲೋಟಗಿಯ ಕಂಬದ ಶಾಸನ ಶಕ ವರ್ಷ 867ರದು, ಅಂದರೆ ಕ್ರಿ.ಶ. 945. ಆಳುತ್ತಿದ್ದವನು ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ. ಅವನ ಮಂತ್ರಿ ನಾರಾಯಣ ಎಂಬವನು ಅಲ್ಲಿ ಒಂದು ಶಾಲೆ ಕಟ್ಟಿಸಿದ. ಊರಿನ ಆಗಿನ ಹೆಸರು ಪಾವಿಟ್ಟಗೆ. ನಮ್ಮ ಕಡೆ ಶಾಲೆಗೆ ಇಂದಿಗೂ ‘ಸಾಲಿ’ ಎನ್ನುತ್ತೇವೆ; ಸಾಲೋಟಗಿ ಎಂದಾಗಲೆಲ್ಲ ಆ ಹಳೆಯ ಸಾಲಿಯ ಸದ್ದು ನನ್ನ ಕಿವಿಗೆ ಕೇಳಿದಂತಾಗುತ್ತದೆ. ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಅವರು ಇರುವುದಕ್ಕೆ 27 ಮನೆಗಳು. ಕಲಿಸುವವನ ಬಾಳಿಗೆ 50 ನಿವರ್ತನ ಭೂಮಿ. ದೀಪದ ಖರ್ಚಿಗೆಂದೇ ಬೇರೆಯಾಗಿ 12 ನಿವರ್ತನ. ಈ ದೀಪದ ಭೂಮಿಯ ಮಾತು ಬಂದಾಗ ನನಗೆ ಯಾವಾಗಲೂ ಮನಸ್ಸು ತುಂಬಿ ಬರುತ್ತದೆ. ಹುಡುಗರು ಕತ್ತಲಾದ ಮೇಲೂ ಓದಬೇಕು, ಎಣ್ಣೆಗೆ ಯಾರ ಮುಂದೆಯೂ ಕೈ ಒಡ್ಡಬಾರದು ಎಂದು ಸಾವಿರ ವರ್ಷದ ಹಿಂದೆ ಈ ಎರೆಭೂಮಿಯಲ್ಲಿ ಯಾರೋ ಕೂತು ಲೆಕ್ಕ ಹಾಕಿದ್ದಾರೆ.

ಅದಕ್ಕಿಂತಲೂ ದೊಡ್ಡದು ಊರವರು ತಾವಾಗಿ ಒಪ್ಪಿಕೊಂಡ ಕಟ್ಟಳೆ. ಊರಿನ ಬ್ರಾಹ್ಮಣ ಮನೆಗಳಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ, ಮುಂಜಿಯಾದರೆ ಎರಡೂವರೆ, ಜವುಳ ತೆಗೆಸಿದರೆ ಒಂದೂವರೆ. ಊಟ ಹಾಕಿಸುವವರು ಆದಷ್ಟು ಮಂದಿ ಗುರುಗಳಿಗೂ ವಿದ್ಯಾರ್ಥಿಗಳಿಗೂ ಎಲೆ ಹಾಕಬೇಕು. ಮಂತ್ರಿ ಕೊಟ್ಟ ಭೂಮಿ ಒಂದು ಕಡೆಗಿರಲಿ. ತಮ್ಮ ಮನೆಯ ಸಂತೋಷದಲ್ಲಿ ಎಲ್ಲಿಂದಲೋ ಬಂದ ಓದುವ ಹುಡುಗನಿಗೆ ಒಂದು ಪಾಲು ತೆಗೆದಿಡುವುದೆಂದರೆ, ಆ ಊರು ವಿದ್ಯಾರ್ಥಿಯನ್ನು ಮನೆಯವನೆಂದು ಎಣಿಸಿತ್ತು ಎಂದೇ ಅರ್ಥ.

ಇಲ್ಲಿಗೆ ನಿಲ್ಲಿಸಿದರೆ ಚಂದದ ಕಥೆ. ಆದರೆ ನಾನು ಕಲಿಸುವ ಕೆಲಸ ಮಾಡಿದವನು, ಅರ್ಧ ಹೇಳಿ ಬಿಡಲಾರೆ. ಆ ಸಾಲಿಯ ಬಾಗಿಲು ಒಂದೇ ವರ್ಣದವರಿಗೆ ತೆರೆದದ್ದು. ಸುತ್ತ ಹೊಲ ಗೇಯುವವರಿಗೆ ಅಲ್ಲಿ ಮಣೆ ಇರಲಿಲ್ಲ. 27 ಮನೆಗಳಲ್ಲಿ ಉಂಡು ಓದಿದರಲ್ಲ, ಅವರ ಊಟದ ಹಿಟ್ಟು ಯಾರು ಬೀಸಿದರು? ಇನ್ನೂ ಮಸುಕು ಇರುವಾಗಲೇ ಎದ್ದು, ಒಂದು ಕಾಲು ಚಾಚಿ, ಗೂಟ ಹಿಡಿದು ಕಲ್ಲು ತಿರುಗಿಸಿದ ಹೆಣ್ಣುಮಕ್ಕಳು ಆ ಹೊತ್ತಿಗೆ ಏನು ಹಾಡಿಕೊಂಡರು? ಶಾಸನ ದೀಪದ ಎಣ್ಣೆಯ ಲೆಕ್ಕ ಹೇಳುತ್ತದೆ. ಬೀಸುಕಲ್ಲಿನ ಸುದ್ದಿ ಅದರಲ್ಲಿಲ್ಲ. ನನ್ನ ಇಂದಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಸುಮಾರು ಎರಡು ನೂರು ವರ್ಷ ಕಳೆದ ಮೇಲೆ ಬಾಗೇವಾಡಿಯ ಒಬ್ಬ ಹುಡುಗ ಮನೆ ಬಿಟ್ಟು ಹೊರಟ. ಪರಂಪರೆ ಹೇಳುವ ಕಥೆಯಲ್ಲಿ ಅವನು ಮನೆ ಬಿಟ್ಟದ್ದು ಮುಂಜಿಯ ಕಾರಣಕ್ಕೆ. ಸಾಲೋಟಗಿಯಲ್ಲಿ ಯಾವ ಮುಂಜಿ ಶಾಲೆಗೆ ಎರಡೂವರೆ ನಾಣ್ಯ ತಂದುಕೊಡುತ್ತಿತ್ತೋ ಅದೇ ಮುಂಜಿ. ಅಕ್ಕನಿಗಿಲ್ಲದ್ದು ತನಗೇಕೆ ಎಂಬ ಪ್ರಶ್ನೆಯನ್ನು ನಮ್ಮ ಜನ ಆ ಬಾಲಕನ ಬಾಯಲ್ಲಿ ಇಟ್ಟಿದ್ದಾರೆ. ಅವನು ಹೋದದ್ದು ಕೃಷ್ಣೆ ಮಲಪ್ರಭೆ ಕೂಡುವ ಕೂಡಲಸಂಗಮಕ್ಕೆ, ಓದಲಿಕ್ಕೆ. ಮುಂದೆ ಕಲ್ಯಾಣದ ಬಿಜ್ಜಳನ ಭಂಡಾರದ ಲೆಕ್ಕ ನೋಡಿದ. 1260ರ ಅರ್ಜುನವಾಡದ ಶಾಸನ ಅವನನ್ನು ಬಾಗವಾಡಿಯ ಮಾದಿರಾಜನ ಮಗನೆಂದು ಗುರುತಿಸುತ್ತದೆ. ಬಸವಣ್ಣನ ಬಗ್ಗೆ ನೀವು ಚಿಕ್ಕಂದಿನಿಂದ ಕೇಳಿದ್ದನ್ನು ನಾನು ಮತ್ತೆ ಹೇಳುವುದಿಲ್ಲ. ಒಂದೇ ಮಾತು. ಅವನ ಸುತ್ತ ಕೂತವರಲ್ಲಿ ಸಿಂದಗಿ ಸೀಮೆಯ ದೇವರ ಹಿಪ್ಪರಗಿಯ ಮಡಿವಾಳ ಮಾಚಯ್ಯ ಇದ್ದ, ಬಟ್ಟೆ ಒಗೆಯುವವನು. ಕೊಟ್ಟಣದ ಸೋಮಮ್ಮ ಎಂಬಾಕೆ ಇದ್ದಳು. ಕೊಟ್ಟಣ ಎಂದರೆ ಭತ್ತ ಕುಟ್ಟುವ ಕೆಲಸ. ಒನಕೆ ಹಿಡಿದ ಕೈಯವಳ ವಚನವೂ ಉಳಿದುಕೊಂಡಿದೆ. ಸಾಲೋಟಗಿಯ ಕಂಬ ಬರೆಯದೆ ಬಿಟ್ಟದ್ದನ್ನು ಕಲ್ಯಾಣ ಕೇಳಿಸಿಕೊಂಡಿತು.

ಆದರೆ ಆ ವಚನಗಳ ಓಲೆಗಳೂ ಮಠಗಳಲ್ಲಿ, ಮನೆಯ ಅಟ್ಟಗಳಲ್ಲಿ ಗಂಟು ಕಟ್ಟಿಕೊಂಡು ಕುಳಿತವು. ಬಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಅವನ್ನು ಹುಡುಕಿಕೊಂಡು ಊರೂರು ತಿರುಗಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಸುರುಮಾಡಿದರು. ಅದಕ್ಕೂ ಮೊದಲು 1910ರಲ್ಲೇ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ ಕಟ್ಟಲು ಮುಂದಾದವರೂ ಅವರೇ. ಆ ಸಂಸ್ಥೆಯನ್ನು ಮುಂದೆ ಬೆಳೆಸಿದ ಬಂಥನಾಳದ ಸಂಗನಬಸವ ಶಿವಯೋಗಿಗಳು ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿದ್ದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡು ಹೇಳುತ್ತಿದ್ದರು. ಬಂಥನಾಳ ಇಂಡಿ ತಾಲ್ಲೂಕಿನದೇ ಊರು. ಸಾಲೋಟಗಿಯ ಮದುವೆಯ 5 ನಾಣ್ಯ ಮತ್ತೆ ಹೊರಟಂತಾಯಿತು. ಈ ಸಲ ಒಂದು ವರ್ಣದ ಮನೆಯ ಬಾಗಿಲಿಗಷ್ಟೇ ಹೋಗಲಿಲ್ಲ. ಬಡವರ ಮನೆಯ ಒಂದು ಬೊಗಸೆ ಜೋಳವೂ ಆ ಜೋಳಿಗೆಯಲ್ಲಿ ಬಿತ್ತು.

ಈಗ ನಾನು ನಿಂತು ಮಾತಾಡಬೇಕಾದ ಜಾಗಕ್ಕೆ ಬಂದೆ. ಹಲಸಂಗಿ.

ಹಲಸಂಗಿ ಹಳೆಯ ಇಂಡಿ ತಾಲ್ಲೂಕಿನ ಒಂದು ಹಳ್ಳಿ. ಭೀಮಾ ನದಿಯ ಸೀಮೆ, ಆಚೆ ಸೊಲ್ಲಾಪುರ. ಮಾತಿನಲ್ಲಿ ಮರಾಠಿಯ ಸೋಂಕು, ಸಾಲಿಗಳು ದೂರ, ಮಳೆ ನೆಚ್ಚಿಕೆಯಿಲ್ಲದ್ದು. 1920ರ ದಶಕದಲ್ಲಿ ಅಲ್ಲಿ ನಾಲ್ಕು ಮಂದಿ ಹುಡುಗರು ಕೂಡಿದರು. ಒಬ್ಬರು ಚೆನ್ನಮಲ್ಲಪ್ಪ ಗಲಗಲಿ, ನಾಡಿಗೆ ಮಧುರಚೆನ್ನ ಎಂದು ಗೊತ್ತಾದವರು, 1903ರಲ್ಲಿ ಹುಟ್ಟಿದವರು. ಇನ್ನೊಬ್ಬರು ಚಡಚಣದ ಸಿಂಪಿ ಲಿಂಗಣ್ಣ, ಅವರಿಗಿಂತ ಎರಡು ವರ್ಷ ಚಿಕ್ಕವರು. ಮತ್ತಿಬ್ಬರು ಪಿ. ಧೂಲಾಸಾಹೇಬರು, ಕಾಪಸೆ ರೇವಪ್ಪನವರು. ಇವರಲ್ಲಿ ಅಧ್ಯಕ್ಷರು ಯಾರು, ಕಾರ್ಯದರ್ಶಿ ಯಾರು ಎಂದು ಇಂದು ಯಾರೂ ಕೇಳುವುದಿಲ್ಲ. ಕನ್ನಡ ಸಾಹಿತ್ಯದ ಚರಿತ್ರೆ ಅವರನ್ನು ‘ಹಲಸಂಗಿ ಗೆಳೆಯರು’ ಎಂಬ ಒಂದೇ ಹೆಸರಿನಿಂದ ಕರೆಯುತ್ತದೆ. ನನಗೆ ಗೊತ್ತಿದ್ದ ಮಟ್ಟಿಗೆ ಯಾವ ಪದವಿಯೂ ಆ ಹೆಸರಿಗಿಂತ ಹೆಚ್ಚಿನದಲ್ಲ.

ಅವರ ಓದು ಎಷ್ಟು ಅಂತೀರಿ? ಮಧುರಚೆನ್ನರದು ಮುಲ್ಕಿ ಪರೀಕ್ಷೆಯವರೆಗೆ. ಮುಲ್ಕಿ ಎಂದರೆ ಆಗಿನ ಮುಂಬಯಿ ಪ್ರಾಂತದಲ್ಲಿ ಏಳನೆಯ ಇಯತ್ತೆಯ ಪರೀಕ್ಷೆ. ಪಾಸಾದವನಿಗೆ ಮಾಸ್ತರಿಕೆಯೋ ತಲಾಟಿಕೆಯೋ ಸಿಗುವ ಕಾಲ. ಅಲ್ಲಿಂದ ಮುಂದೆ ಅವರಿಗೆ ಕಾಲೇಜು ಇರಲಿಲ್ಲ. ಇಂಗ್ಲಿಷನ್ನು ತಾವೇ ಕಲಿತರು, ದೊಡ್ಡ ದೊಡ್ಡ ಗ್ರಂಥಗಳನ್ನು ತಾವೇ ಮಥಿಸಿದರು. ಲಿಂಗಣ್ಣನವರು ಪ್ರಾಥಮಿಕ ಶಾಲೆಯ ಮಾಸ್ತರರಾಗಿ ಬಾಳು ಸವೆಸಿದರು. ಅದೇ ಮಾಸ್ತರರು 1993ರಲ್ಲಿ ಕೊಪ್ಪಳದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಆಗ ಅವರಿಗೆ 88 ವರ್ಷ. ಅದೇ ವರ್ಷ ತೀರಿಕೊಂಡರು.

ಈ ಹುಡುಗರ ಮುಂದೆ ಎರಡು ದಾರಿ ಇದ್ದವು. ಕಲಿತದ್ದನ್ನು ಊರಿಗೆ ಹೇಳುವುದು ಒಂದು. ಅದು ಕಾಲದ ಧರ್ಮವೂ ಆಗಿತ್ತು. ಗಾಂಧಿಯವರ ಚಳವಳಿಯ ಗಾಳಿ ಬೀಸುತ್ತಿತ್ತು, ಓದಿದವನು ಓದದವನಿಗೆ ತಿಳಿಹೇಳಬೇಕೆಂಬ ಹುಮ್ಮಸ್ಸು ಎಲ್ಲ ಕಡೆ ಇತ್ತು. ಎರಡನೆಯದು, ಊರು ಹೇಳುವುದನ್ನು ತಾವು ಕೂತು ಕೇಳುವುದು. ಅವರು ಇದನ್ನು ಹಿಡಿದರು. ತಮ್ಮ ಅವ್ವ, ಅಜ್ಜಿ, ಅಕ್ಕಂದಿರು ಬೀಸುವಾಗ ಕುಟ್ಟುವಾಗ ಹಾಡುವ ತ್ರಿಪದಿಗಳು ಕಾವ್ಯ ಎಂಬುದು ಅವರಿಗೆ ಹೊಳೆಯಿತು. ಇಂದು ನಮಗೆ ಇದು ಸಾಮಾನ್ಯ ಸಂಗತಿ ಅನ್ನಿಸಬಹುದು. ವಿಶ್ವವಿದ್ಯಾಲಯಗಳಲ್ಲಿ ಜಾನಪದ ವಿಭಾಗಗಳಿವೆ, ಪದವಿಗಳಿವೆ. ಆಗ ಕಾವ್ಯ ಎಂದರೆ ಹಳಗನ್ನಡ, ಷಟ್ಪದಿ, ಪಂಡಿತರ ಟೀಕೆ. ಅಕ್ಷರ ಬಾರದ ಹೆಣ್ಣುಮಗಳ ಬಾಯಲ್ಲಿ ಮೂರು ಸಾಲಿನ ಪೂರ್ಣ ಕವಿತೆ ಇರುತ್ತದೆ ಎಂದು ಒಪ್ಪಿಕೊಳ್ಳಲು ತಾನು ಕಲಿತದ್ದನ್ನು ಪಕ್ಕಕ್ಕಿಡುವ ಧೈರ್ಯ ಬೇಕಿತ್ತು.

1931ರಲ್ಲಿ ‘ಗರತಿಯ ಹಾಡು’ ಬಂತು. 1933ರಲ್ಲಿ ‘ಜೀವನ ಸಂಗೀತ’, ಅದು ಲಾವಣಿಗಳದು. 1935ರಲ್ಲಿ ‘ಮಲ್ಲಿಗೆ ದಂಡೆ’. ಮೊದಲ ಪುಸ್ತಕ ಬಂದಾಗ ಮಧುರಚೆನ್ನರಿಗೆ 28, ಲಿಂಗಣ್ಣನವರಿಗೆ 26. ಧಾರವಾಡದ ಬೇಂದ್ರೆಯವರು ಈ ಬಳಗಕ್ಕೆ ಅಣ್ಣನಂತಿದ್ದರು. ಹಳ್ಳಿಯ ಹಾಡಿನ ಧಾಟಿ ಕನ್ನಡದ ಹೊಸ ಕವಿತೆಯ ನಾಡಿಯಲ್ಲಿ ಸೇರಿಕೊಂಡಿತು. ಸಾಲೋಟಗಿಯ ಕಂಬ ನಿಂತ 986 ವರ್ಷಗಳ ಮೇಲೆ, ಅದೇ ಸೀಮೆಯ ಹುಡುಗರು ಬೀಸುಕಲ್ಲಿನ ಮಗ್ಗುಲಲ್ಲಿ ಕೂತು ಬರೆದುಕೊಂಡರು. ಯಾರು ಹಿಟ್ಟು ಬೀಸಿದರು, ಏನು ಹಾಡಿದರು ಎಂಬ ನನ್ನ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕದ್ದು ಅಲ್ಲಿ.

ಧೂಲಾಸಾಹೇಬರ ಹೆಸರಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಗರತಿಯ ಹಾಡಿನಲ್ಲಿ ಬರುವ ದೇವರುಗಳು, ವ್ರತಗಳು, ತವರಿನ ಹಬ್ಬಗಳು ಅವರ ಮನೆಯವಲ್ಲ. ಆದರೂ ಆ ಹಾಡು ಕೂಡಿಸಿದ ಬಳಗದಲ್ಲಿ ಅವರಿದ್ದರು. ಹಾಡು ತಮ್ಮ ಊರಿನದು ಎಂಬ ಅಭಿಮಾನದಿಂದ ಇದ್ದರು. ಇಂದಿನ ಹುಡುಗರ ಗೆಳೆತನಗಳ ನಡುವೆ ಯಾರಾದರೂ ಗೋಡೆ ಎಬ್ಬಿಸಲು ಬಂದಾಗ ಹಲಸಂಗಿಯ ಈ ನಾಲ್ಕು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿರಿ ಎಂದು ನಿಮ್ಮನ್ನು ಬೇಡಿಕೊಳ್ಳುತ್ತೇನೆ.

ಮಧುರಚೆನ್ನರ ಒಳಗಿನ ದಾರಿ ಬೇರೆಯೇ ಒಂದು ಉಪನ್ಯಾಸಕ್ಕೆ ಆಗುವಷ್ಟಿದೆ. ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂಬ ಪುಸ್ತಕಗಳಲ್ಲಿ ತಮ್ಮ ಸಂಶಯ, ಸಂಕಟ, ಹುಡುಕಾಟವನ್ನು ಮುಚ್ಚಿಡದೆ ಬರೆದುಕೊಂಡರು. ಅರವಿಂದರ ಕಡೆಗೆ ಹೊರಳಿದರು. 1953ರ ಆಗಸ್ಟ್ 15ರಂದು, ಅರವಿಂದರು ಹುಟ್ಟಿದ ದಿನವೇ, ತೀರಿಕೊಂಡರು. ಐವತ್ತೇ ವರ್ಷದ ಬಾಳು. ವ್ಯಕ್ತಿತ್ವ ವಿಕಸನ ಎಂಬ ಹೆಸರಿನಲ್ಲಿ ಈಗ ನಿಮಗೆ ಎರಡು ದಿನದ ಕಾರ್ಯಾಗಾರಗಳು ನಡೆಯುತ್ತವೆ. ಹೇಗೆ ನಿಲ್ಲಬೇಕು, ಹೇಗೆ ಕೈ ಕುಲುಕಬೇಕು ಎಂದು ಹೇಳಿಕೊಡುತ್ತಾರೆ. ಅದನ್ನೂ ಕಲಿಯಿರಿ, ನೌಕರಿಗೆ ಬೇಕಾಗುತ್ತದೆ. ಆದರೆ ಒಮ್ಮೆ ‘ಕಾಳರಾತ್ರಿ’ ಓದಿರಿ. ತಾನು ಎಲ್ಲಿ ನಿಂತಿದ್ದೇನೆ ಎಂದು ತನಗೇ ತಿಳಿಯದ ದಿನಗಳನ್ನು ಒಬ್ಬ ಹಳ್ಳಿಯ ಯುವಕ ಎಷ್ಟು ಪ್ರಾಮಾಣಿಕವಾಗಿ ಎದುರಿಸಿದ ಎಂದು ಕಾಣುತ್ತದೆ. ನಿಮ್ಮಲ್ಲಿ ಕೆಲವರಿಗೆ ಅಂಥ ದಿನಗಳು ಈಗಲೇ ಇರಬಹುದು. ಆ ಪುಸ್ತಕ ನನ್ನ ಇಪ್ಪತ್ತನೆಯ ವಯಸ್ಸಿನಲ್ಲಿ ನನ್ನ ಕೈ ಹಿಡಿದಿತ್ತು.

ನನ್ನ ಇಪ್ಪತ್ತನೆಯ ವಯಸ್ಸಿನ ಮಾತು ಬಂತು. ಹೇಳಲೇಬೇಕು.

ರಾಷ್ಟ್ರೀಯ ಸೇವಾ ಯೋಜನೆ ಸುರುವಾದದ್ದು ಗಾಂಧಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ದೇಶದ 37 ವಿಶ್ವವಿದ್ಯಾಲಯಗಳಲ್ಲಿ, 40,000 ವಿದ್ಯಾರ್ಥಿಗಳೊಂದಿಗೆ. ಎರಡು ವರ್ಷಕ್ಕೆ 240 ತಾಸಿನ ಸೇವೆ, ನಡುವೆ 7 ದಿನದ ವಿಶೇಷ ಶಿಬಿರ. ನಿಮ್ಮಲ್ಲಿ ಬಹಳ ಮಂದಿ ಆ ಬ್ಯಾಡ್ಜು ಹಾಕಿಕೊಂಡೇ ಕೂತಿದ್ದೀರಿ. ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ಭೀಮೆಯ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಶಿಬಿರ ನಡೆಯಿತು. ಶಿಬಿರದ ಮುಂದಾಳು ನಾನೇ. ಊರಿನ ನೀರು ಬೀದಿಯಲ್ಲಿ ಹರಿದು ಕೆಸರಾಗುತ್ತದೆ, ಅದಕ್ಕೆ ಇಂಗುಗುಂಡಿ ತೆಗೆಯಬೇಕು ಎಂದು ನಾವು ಹೋಗುವ ಮೊದಲೇ ಠರಾಯಿಸಿದ್ದೆವು. ಅಳತೆ, ಚಿತ್ರ, ಜಲ್ಲಿಯ ಲೆಕ್ಕ ಎಲ್ಲ ನನ್ನ ಕಿಸೆಯಲ್ಲಿತ್ತು. ಮೂರು ದಿನ ಅಗೆದೆವು. ಅಂಗೈ ಬೊಬ್ಬೆ ಎದ್ದವು. ಊರ ಮಂದಿ ಕಟ್ಟೆಯ ಮೇಲೆ ಕೂತು ನೋಡಿದರು, ಮಜ್ಜಿಗೆ ತಂದುಕೊಟ್ಟರು, ಏನೂ ಹೇಳಲಿಲ್ಲ.

ಗುಂಡಿಗೆ ನೀರು ಬಿಟ್ಟೆವು. ನೀರು ಇಂಗಲಿಲ್ಲ. ಸಂಜೆಯಾಯಿತು, ರಾತ್ರಿಯಾಯಿತು, ಮುಂಜಾನೆ ನೋಡಿದರೂ ಗುಂಡಿಯ ತುಂಬ ನೀರು ಹಾಗೇ ಇತ್ತು, ಮೇಲೆ ಸೊಳ್ಳೆ. ಆಗ ಒಬ್ಬ ಅಜ್ಜ ಬಂದು ಮಗ್ಗುಲಲ್ಲಿ ನಿಂತ.

‘ತಮ್ಮಾ, ಇದು ಎರಿ ಮಣ್ಣು. ನೀರು ಕುಡದ್ರ ಉಬ್ಬತೈತಿ. ಉಬ್ಬಿ ಬಾಯಿ ಮುಚ್ಚಿಕೋತೈತಿ. ಮ್ಯಾಲಿಂದ ನೀರು ಕೆಳಗ ಬಿಡೂದಿಲ್ಲ’ ಎಂದ.

‘ಮತ್ತ ಮೊದಲ ಯಾಕ ಹೇಳಲಿಲ್ಲೋ ಯಜ್ಜಾ?’ ಎಂದೆ.

‘ನೀವು ಕೇಳಲಿಲ್ಲಲ್ಲಪಾ’ ಎಂದ ಅಜ್ಜ. ಸಿಟ್ಟಿರಲಿಲ್ಲ, ಕುಚೋದ್ಯವೂ ಇರಲಿಲ್ಲ. ಇದ್ದದ್ದನ್ನು ಹೇಳಿದ.

ಆ ಮಾತನ್ನು ನಾನು ನಲವತ್ತು ವರ್ಷ ಹೊತ್ತುಕೊಂಡು ತಿರುಗಿದ್ದೇನೆ. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುವ ನೆಲ, ಮಳೆಗಾಲದಲ್ಲಿ ಅದೇ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ ಎಂಬುದನ್ನು ನಾನು ಹುಟ್ಟಿದಂದಿನಿಂದ ನೋಡಿದವನು. ನನ್ನ ಅಪ್ಪನ ಹೊಲವೂ ಎರೆಯದೇ. ಮುಂಗಾರಿನಲ್ಲಿ ಹೊಲ ಖಾಲಿ ಬಿಟ್ಟು, ನೆಲ ನೀರು ಹಿಡಿದ ಮೇಲೆ ಹಿಂಗಾರಿಗೆ ಬಿಳಿಜೋಳ ಬಿತ್ತುವುದು ಈ ಮಣ್ಣಿನ ಗುಣ ನೋಡಿಯೇ. ಕಾಳು ಕಟ್ಟುವ ತನಕ ಒಡಲಲ್ಲಿ ಹಸಿ ಹಿಡಿದಿಡುವ ಮಣ್ಣದು. ಮನೆಯಲ್ಲಿ ಗೊತ್ತಿದ್ದದ್ದು ಕಾಲೇಜಿನ ಅಂಗಿ ಹಾಕಿದ ಕೂಡಲೆ ಮರೆತುಹೋಗಿತ್ತು. ಉಳಿದ ನಾಲ್ಕು ದಿನ ಅಜ್ಜನೇ ನಮ್ಮ ಮುಂದಾಳಾದ. ಗುಂಡಿ ಮುಚ್ಚಿಸಿ, ಇಳಿಜಾರು ನೋಡಿ, ಊರ ಹಿಂದಿನ ಹಳ್ಳಕ್ಕೆ ಸೇರುವಂತೆ ಒಂದು ಕಾಲುವೆ ತೋಡಿಸಿದ. ನಾವು ಅವನು ಹೇಳಿದಲ್ಲಿ ಗುದ್ದಲಿ ಹಾಕಿದೆವು.

ಕೆಲಸ ಬದಲಾದ ಮೇಲೆ ಸಂಜೆಗಳೂ ಬದಲಾದವು. ಅಜ್ಜನ ಮನೆಯಾಕೆಗೆ ಹಾಡು ಬಹಳ ಬರುತ್ತವೆ ಎಂದು ಗೊತ್ತಾಯಿತು. ನನ್ನ ಚೀಲದಲ್ಲಿ ‘ಗರತಿಯ ಹಾಡು’ ಇತ್ತು. ನೋಟುಬುಕ್ಕು ಹಿಡಿದು ಹೋಗಿ, ‘ಆಯಿ, ಒಂದು ಹಾಡು ಹೇಳಬೇ’ ಎಂದೆ. ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ‘ಕಲ್ಲು ತಿರಗದ ಹಾಡು ಹ್ಯಾಂಗ ಬರತೈತಿ ಯಪ್ಪಾ?’ ಊರಿಗೆ ಹಿಟ್ಟಿನ ಗಿರಣಿ ಬಂದು ವರ್ಷಗಳಾಗಿದ್ದವು. ಬೀಸುಕಲ್ಲು ಹಿತ್ತಲಲ್ಲಿ ಬಿದ್ದಿತ್ತು. ನಾವು ಇಬ್ಬರು ಸೇರಿ ಅದನ್ನು ಎತ್ತಿ ತಂದು ತೊಳೆದೆವು. ಆದರೂ ಆಕೆ ನನ್ನ ಮುಂದೆ ಹಾಡಲಿಲ್ಲ. ಗಂಡುಮಕ್ಕಳು ಕೂತಲ್ಲಿ ಬೀಸುವ ಹಾಡು ಬಾಯಿಗೆ ಬರುವುದಿಲ್ಲ.

ನಮ್ಮ ಶಿಬಿರದಲ್ಲಿ ನಾಲ್ವರು ವಿದ್ಯಾರ್ಥಿನಿಯರಿದ್ದರು. ಮೊದಲ ದಿನವೇ ಅವರನ್ನು ಅಡುಗೆಗೆ ಹಚ್ಚಿದ್ದೆ. ಅದೂ ನನ್ನದೇ ಠರಾವು. ಈಗ ಅವರೇ ಒಳಗೆ ಹೋಗಿ ಆಯಿಯ ಎದುರು ಕೂತು ಗೂಟ ಹಿಡಿದರು. ನಾನು ಹೊಸ್ತಿಲ ಹೊರಗೆ ಕೂತೆ. ಒಂದೊಂದೇ ಮುಕ್ಕು ಜೋಳ ಹಾಕುತ್ತ, ಕಲ್ಲಿನ ಸದ್ದಿನ ಮೇಲೆ ಆಕೆ ಸುರುಮಾಡಿದಳು. ಕಲ್ಲನ್ನು ನೆನೆದು, ತವರನ್ನು ನೆನೆದು, ಅಣ್ಣ ತಮ್ಮಂದಿರನ್ನು ನೆನೆದು. ಕೈ ನಿಂತರೆ ಹಾಡು ನಿಲ್ಲುತ್ತಿತ್ತು. ‘ಇನ್ನೊಮ್ಮೆ ಹೇಳಬೇ’ ಎಂದರೆ ಬೇರೆಯೇ ಹಾಡು ಬರುತ್ತಿತ್ತು. ಹಲಸಂಗಿಯ ಗೆಳೆಯರ ಮೂರು ಪುಸ್ತಕಗಳ ಹಿಂದೆ ಎಷ್ಟು ನಸುಕುಗಳಿರಬೇಕು ಎಂದು ನನಗೆ ಆ ಹೊಸ್ತಿಲಲ್ಲಿ ತಿಳಿಯಿತು. ಎರಡು ಸಂಜೆಯಲ್ಲಿ ನಮ್ಮ ಹುಡುಗಿಯರು ಬರೆದುಕೊಂಡದ್ದು 31 ತ್ರಿಪದಿ.

ಕೊನೆಯ ದಿನ ಆಯಿ ಕೇಳಿದಳು, ‘ಬರಕೊಂಡೀರಲ್ಲ, ಅದನ್ನ ಓದ್ರಿ ನೋಡೂನು.’ ಓದಿದೆವು. ಕಣ್ಣು ಮುಚ್ಚಿ ಕೇಳಿದಳು. ಐದಾರು ಕಡೆ ತಿದ್ದಿದಳು. ಅಲ್ಲಿ ಆ ಶಬ್ದ ಅಲ್ಲ, ಈ ಶಬ್ದ ಎಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, ‘ನಮ್ಮವ್ವನ ಹೆಸರು ಎಲ್ಲಿ ಬರದೀರಿ?’ ನಾವು ಒಬ್ಬರನ್ನೊಬ್ಬರು ನೋಡಿದೆವು. ‘ಹಾಡು ಆಕಿದು. ನಂದಲ್ಲ. ಆಕಿ ಹೆಸರು ಹಾಕ್ರಿ’ ಎಂದಳು. ಆಕೆಯ ತಾಯಿಯ ಹೆಸರು, ತವರೂರ ಹೆಸರು, ಆಮೇಲೆ ಆಯಿಯ ಹೆಸರು ಮೊದಲ ಹಾಳೆಯ ಮೇಲೆ ಬರೆದೆವು. ನಾನಾಗಿ ಕೇಳಿರಲಿಲ್ಲ. ಮುಂದಾಳು ಅನ್ನಿಸಿಕೊಂಡ ಏಳು ದಿನಗಳಲ್ಲಿ ನನಗೆ ಹೊಳೆಯದಿದ್ದ ಸಂಗತಿ ಅದು.

ನಮ್ಮ ಕಡೆ ‘ಹಿರೇತನ’ ಎಂಬ ಒಳ್ಳೆಯ ಮಾತಿದೆ. ಮದುವೆ ಮಾತುಕತೆಯಲ್ಲಿ, ಪಾಲಿನ ತಂಟೆಯಲ್ಲಿ, ಜಾತ್ರೆಯ ತೇರು ಎಳೆಸುವಲ್ಲಿ ‘ಅವನು ಹಿರೇತನ ವಹಿಸಿದ’ ಎನ್ನುತ್ತೇವೆ. ಹಿರೇತನ ವಹಿಸಿದವನು ಎರಡೂ ಕಡೆಯ ಮಾತು ಪೂರಾ ಕೇಳುತ್ತಾನೆ, ಬೈಗುಳವನ್ನೂ ಕೇಳುತ್ತಾನೆ, ಎಲ್ಲರೂ ಉಂಡ ಮೇಲೆ ಉಣ್ಣುತ್ತಾನೆ. ಕಾಲೇಜಿನಲ್ಲಿ ನಿಮಗೆ ನಾಯಕತ್ವ ಎಂದು ಕಲಿಸುವುದರಲ್ಲಿ ಮೈಕು ಮೊದಲು ಬರುತ್ತದೆ. ಹಿರೇತನದಲ್ಲಿ ಕಿವಿ ಮೊದಲು. ನಾನು ಎರಡನ್ನೂ ನೋಡಿದ್ದೇನೆ, ಎರಡನೆಯದರ ಪರವಾಗಿ ಇಲ್ಲಿ ನಿಂತಿದ್ದೇನೆ.

ಊರಿಗೆ ಹೀಗೆ ಕಿವಿಗೊಟ್ಟವರ ಮಾತು ಬಂದಾಗ ಸಿಂದಗಿಯ ಮಕ್ಕಳಿಗೆ ಎಂ.ಎಂ. ಕಲಬುರ್ಗಿಯವರ ಹೆಸರು ಹೇಳದೆ ಹೋಗಲಾರೆ. 1938ರಲ್ಲಿ ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದವರು. ಬಿಜಾಪುರದಲ್ಲಿ ಓದಿ, ಧಾರವಾಡಕ್ಕೆ ಹೋಗಿ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕಲಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾದರು. ಹಳ್ಳಿಯ ಗುಡಿಯ ಹಿಂದೆ ಬಿದ್ದ ಕಲ್ಲಿನ ಅಕ್ಷರ, ಮಠದ ಓಲೆ, ಊರಿನ ಹೆಸರು, ಮನೆತನದ ಅಡ್ಡಹೆಸರು, ಎಲ್ಲವೂ ಅವರಿಗೆ ಓದುವ ವಸ್ತುವೇ. ಹಳಕಟ್ಟಿಯವರು ಹಿಡಿದ ದಾರಿಯ ಮುಂದಿನ ದೊಡ್ಡ ಹೆಜ್ಜೆ ಅವರ ಸಂಪಾದನೆಯಲ್ಲಿ ಬಂದ ಸಮಗ್ರ ವಚನ ಸಂಪುಟಗಳು. ‘ಮಾರ್ಗ’ ಸಂಪುಟಗಳಲ್ಲಿ ಅವರ ಸಂಶೋಧನೆ ಇದೆ. ನಾಲ್ಕನೆಯದಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಮಗೆ ಕಂಡದ್ದನ್ನು ಹೇಳಿದ್ದಕ್ಕೆ ಅವರು ಬಹಳ ತೆತ್ತರು. 2015ರ ಆಗಸ್ಟ್ 30ರ ಮುಂಜಾನೆ ಧಾರವಾಡದ ಅವರ ಮನೆಯ ಬಾಗಿಲಲ್ಲೇ ಗುಂಡು ಹೊಡೆದು ಕೊಂದರು. ಆ ಸುದ್ದಿ ಕೇಳಿದ ಮರುದಿನ ನಾನು ಪಾಠ ಮಾಡಲಾರದೆ ತರಗತಿಯಲ್ಲಿ ಸುಮ್ಮನೆ ನಿಂತಿದ್ದೆ. ವಿದ್ಯಾರ್ಥಿಗಳೂ ಸುಮ್ಮನೆ ಕೂತಿದ್ದರು.

ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ಮಕ್ಕಳಿಗೆ ನನ್ನದೊಂದು ಬೇಡಿಕೆ ಇದೆ. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಇಟ್ಟರು. ಕೆಳಗೆ ನಾರಾಯಣಪುರದ ಬಸವಸಾಗರ, ಮೇಲೆ ಆಲಮಟ್ಟಿ. ನೀರು ಬಂತು, ಕಾಲುವೆ ಹರಿದವು, ಬರದ ಹೊಲಗಳು ಹಸಿರಾದವು. ಅದು ದೊಡ್ಡ ಭಾಗ್ಯ. ಅದೇ ನೀರಿನ ಕೆಳಗೆ ದಂಡೆಯ ಊರುಗಳು ಹೋದವು. ಇಂದು ಪುನರ್ವಸತಿ ಕೇಂದ್ರಗಳಲ್ಲಿ ಅಳತೆ ಹಾಕಿದ ಬೀದಿಗಳ ನಡುವೆ ಇರುವ ಹಿರಿಯರು ಹಳೆಯ ಊರಿನ ಅಗಸಿ ಎಲ್ಲಿತ್ತು, ಯಾವ ಹೊಲಕ್ಕೆ ಏನು ಹೆಸರು, ಯಾವ ಮಡುವಿನಲ್ಲಿ ಎತ್ತಿನ ಮೈ ತೊಳೆಯುತ್ತಿದ್ದರು ಎಂದು ಕಣ್ಣು ಮುಚ್ಚಿ ಹೇಳಬಲ್ಲರು. ಅವರು ಇನ್ನು ಎಷ್ಟು ದಿನ ಇರುತ್ತಾರೆ? ಹೊಲದ ಹೆಸರುಗಳು ಯಾವ ನಕಾಶೆಯಲ್ಲೂ ಇಲ್ಲ. ಸರ್ವೆ ನಂಬರು ಇದೆ ಅಷ್ಟೆ. ನಿಮ್ಮ 240 ತಾಸಿನಲ್ಲಿ 40 ತಾಸು ಇದಕ್ಕೆ ಕೊಡಿ. ಮೊಬೈಲಿನಲ್ಲಿ ಧ್ವನಿ ಹಿಡಿದುಕೊಳ್ಳಿ, ಅದು ನಮಗಿರದ ಅನುಕೂಲ. ಆದರೆ ಹಾಳೆಯ ಮೇಲೂ ಬರೆಯಿರಿ, ಬರೆದದ್ದನ್ನು ಅವರ ಎದುರು ಓದಿರಿ, ತಿದ್ದಿಸಿಕೊಳ್ಳಿರಿ. ಹೇಳಿದವರ ಹೆಸರು ಮೊದಲು ಬರೆಯಿರಿ. ಅವರಿಗೆ ಹೇಳಿಕೊಟ್ಟವರ ಹೆಸರನ್ನೂ ಕೇಳಿರಿ. ಬ್ಯಾಡ್ಜು, ಪ್ರಮಾಣಪತ್ರ ಬರಲಿ, ಬೇಡ ಎನ್ನುವುದಿಲ್ಲ. ಬರೆದದ್ದರ ಒಂದು ಪ್ರತಿ ಆ ಪುನರ್ವಸತಿ ಕೇಂದ್ರದ ಶಾಲೆಯಲ್ಲಿ ಉಳಿಯಲಿ.

ಇಂಡಿಯವರಿಗೆ ಕೆಲಸ ಗೊತ್ತೇ ಇದೆ. ಹಲಸಂಗಿಗೆ ಒಮ್ಮೆ ಹೋಗಿ ಬನ್ನಿ. ಸಾಲೋಟಗಿಗೂ.

ಆ ಶಿಬಿರದ ನೋಟುಬುಕ್ಕನ್ನು ಇಂದು ತಂದಿದ್ದೇನೆ. ಮೂಲೆಗಳು ಸವೆದಿವೆ, ಶಾಯಿ ಕಂದಿದೆ, ನಮ್ಮ ಆ ನಾಲ್ವರು ಸಹಪಾಠಿನಿಯರ ನಾಲ್ಕು ಬಗೆಯ ಅಕ್ಷರ ಹಾಗೇ ಇದೆ. ಸಭೆ ಮುಗಿದ ಮೇಲೆ ಇದನ್ನು ಈ ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟು ಹೋಗುತ್ತೇನೆ. ಇದರಲ್ಲಿ 30 ತ್ರಿಪದಿಗಳು ಪೂರ್ಣ ಇವೆ. ಕೊನೆಯದು ಮಾತ್ರ ಎರಡೇ ಸಾಲಿನದು. ಪಂಚಮಿಗೆ ಕರೆಯಲು ಅಣ್ಣ ಬಂದಿದ್ದಾನೆ, ಬಾಗಿಲಲ್ಲಿ ಎತ್ತಿನ ಕೊರಳ ಗೆಜ್ಜೆ ಸಪ್ಪಳ ಕೇಳಿದೆ, ಹೆಣ್ಣುಮಗಳು ಕಲ್ಲಿನಿಂದ ಏಳುತ್ತಿದ್ದಾಳೆ. ಅಷ್ಟು ಹೊತ್ತಿಗೆ ಮೊರದಲ್ಲಿಯ ಜೋಳ ತೀರಿತು. ‘ಕಾಳು ಮುಗದ್ವು’ ಎಂದು ಆಯಿ ಕೈ ಕೊಡವಿ ಎದ್ದಳು. ಮರುದಿನ ಕೇಳಿದರೆ ಮೂರನೆಯ ಸಾಲು ಆಕೆಗೆ ನೆನಪಾಗಲಿಲ್ಲ; ನಮ್ಮ ಗಾಡಿ ಹೊರಟಿತ್ತು. ಎರಡು ವರ್ಷ ಬಿಟ್ಟು ಹೋದಾಗ ಆಯಿ ಇರಲಿಲ್ಲ.

ಅಂದಿನಿಂದ ಎಷ್ಟೋ ಊರುಗಳಲ್ಲಿ ಕೇಳಿದ್ದೇನೆ. ಆ ಎರಡು ಸಾಲನ್ನು ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ನೋಡಿಕೊಳ್ಳಿ. ನಿಮ್ಮ ಮನೆಯ ಆಯಿಗೆ ಮೂರನೆಯದು ಗೊತ್ತಿದ್ದರೆ ಕೆಳಗೆ ಬರೆಯಿರಿ, ಆಕೆಯ ಹೆಸರನ್ನೂ ಬರೆಯಿರಿ. ಜಾಗ ಬಿಟ್ಟಿದ್ದೇನೆ.